ಎಣಿಸುವವರು ಯಾರು?

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವವರಿಗೆ ತಲಪಾಡಿ ದಾಟಿದ ಮೇಲೆ ಸಿಗುವುದು ಆರು ಪಥಗಳ ಹೊಸ ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿಲೋಮೀಟರ್ ಉದ್ದದ ಈ ಕಾಮಗಾರಿಯನ್ನು ವಹಿಸಿಕೊಂಡದ್ದು ಯಾವ ದೊಡ್ಡ ಉದ್ಯಮಿಯ ಕಂಪೆನಿಯೂ ಅಲ್ಲ. ಕೋಝಿಕ್ಕೋಡ್ ಜಿಲ್ಲೆಯ ವಡಗರದ ಬಳಿಯ ಊರಾಳುಂಗಲ್‌ನ ಕೂಲಿಕಾರರ ಸಹಕಾರಿ ಸಂಘ. 1925ರಲ್ಲಿ ಹದಿನಾಲ್ಕು ಮಂದಿ ಕೂಲಿಯಾಳುಗಳು ಆರಾಣೆಯ ಬಂಡವಾಳದಲ್ಲಿ ಕಟ್ಟಿಕೊಂಡ ಸಂಘವದು. ಇಂದು ಅಲ್ಲಿ ಸುಮಾರು ಹದಿನೆಂಟು ಸಾವಿರ ಮಂದಿಗೆ ಕೆಲಸವಿದೆ. ರಸ್ತೆ, ಸೇತುವೆ, ಕಟ್ಟಡಗಳಷ್ಟೇ ಅಲ್ಲ, ಕೋಝಿಕ್ಕೋಡಿನಲ್ಲಿ ಸಾಫ್ಟ್‌ವೇರ್ ಕಂಪೆನಿಗಳಿಗಾಗಿ ಒಂದು ಸೈಬರ್ ಪಾರ್ಕನ್ನೂ ಅದು ಕಟ್ಟಿದೆ.

ತಲಪಾಡಿಯ ಈಚೆಗೆ, ನಮ್ಮ ಮನೆಯ ಹಿಂದಿನ ಓಣಿಯಲ್ಲಿ, ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿರುವ ಒಬ್ಬ ಹೆಂಗಸಿದ್ದಾರೆ. ಮಕ್ಕಳ ಶಾಲೆಯ ಫೀಸು, ಮಗಳ ಮದುವೆ, ಗಂಡನ ಔಷಧ ಎಲ್ಲವೂ ಅವರ ಮಡಿಲ ಮೇಲಿನ ಗೆರಸೆಯಿಂದಲೇ ಬಂದದ್ದು. ಬ್ರಾಂಚಿನಲ್ಲಿ ಕೊಡುವ ಎಲೆ ಲೆಕ್ಕಕ್ಕೆ ಸಾಲುವುದಿಲ್ಲ. ಕಡಿಮೆ ಬಿದ್ದದ್ದನ್ನು ಕೈಯಿಂದ ದುಡ್ಡು ಹಾಕಿ ತಂದು ಕಟ್ಟಬೇಕು. ಕಟ್ಟಿ ಕೊಂಡುಹೋದರೆ ಅಲ್ಲಿ ಒಬ್ಬರು ಎಣಿಸುತ್ತಾರೆ, ಒಂದಿಷ್ಟನ್ನು ಸರಿಯಿಲ್ಲವೆಂದು ಬದಿಗೆ ತಳ್ಳುತ್ತಾರೆ. ತಳ್ಳಿದ್ದಕ್ಕೆ ಕೂಲಿಯಿಲ್ಲ. ಯಾಕೆ ಸರಿಯಿಲ್ಲ ಎಂದು ಕೇಳುವ ರೂಢಿಯೂ ಇಲ್ಲ.

ಒಂದು ದಿನ ಮಾತಿನ ನಡುವೆ ಅವರಿಗೆ ಆ ರಸ್ತೆಯ ಸಂಗತಿ ಹೇಳಿದೆ. ಅದು ಕೂಲಿಯವರದೇ ಸಂಘ, ಅಲ್ಲಿ ಯಜಮಾನ ಎಂದು ಬೇರೆ ಯಾರೂ ಇಲ್ಲ ಎಂದೆ. ಅವರು ಎಲೆ ಕತ್ತರಿಸುವುದನ್ನು ನಿಲ್ಲಿಸದೆಯೇ ಕೇಳಿದರು: "ಹೌದಾ ಮಾಸ್ಟ್ರೇ? ಹಾಗಾದರೆ ಅಲ್ಲಿ ಎಣಿಸುವವರು ಯಾರು?"

ಆ ಪ್ರಶ್ನೆಗೆ ನನ್ನಲ್ಲಿ ತಟ್ಟನೆ ಉತ್ತರವಿರಲಿಲ್ಲ. ದುಡಿಯುವವರೇ ಒಡೆಯರಾಗಿರುವ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ನಡೆಯಬಲ್ಲವೇ ಎಂಬುದು ಅರ್ಥಶಾಸ್ತ್ರಜ್ಞರು ಬಹಳ ಕಾಲದಿಂದ ಚರ್ಚಿಸುತ್ತಾ ಬಂದ ವಿಷಯ. ಆದರೆ ಅವರ ಚರ್ಚೆಗಿಂತ ಈ ಹೆಂಗಸಿನ ಪ್ರಶ್ನೆಯೇ ಹೆಚ್ಚು ನೇರವಾಗಿದೆ ಎಂದು ಈಗ ನನಗನಿಸುತ್ತದೆ.

ಯಾರ ಸಹಕಾರ?

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಸಹಕಾರವೆಂಬುದು ಕನ್ನಡಿಗರಿಗೆ ಹೊಸತಲ್ಲ. 1905ರಲ್ಲಿಯೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಹಕಾರಿ ಸಂಘ ಕಟ್ಟಿದ್ದರು. ಅಡಿಕೆ ಬೆಳೆಗಾರರು ಬೆಲೆ ಕುಸಿತದಿಂದ ಕಂಗೆಟ್ಟಿದ್ದಾಗ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಹಾಲಿನ ಒಕ್ಕೂಟಗಳಂತೂ ನಮ್ಮ ಹಳ್ಳಿ ಹಳ್ಳಿಗಳನ್ನು ಮುಟ್ಟಿವೆ.

ಆದರೆ ಇವೆಲ್ಲ ಯಾರ ಸಹಕಾರಿಗಳು? ಅಡಿಕೆ ಬೆಳೆದವರದ್ದು, ಹಾಲು ಕರೆದವರದ್ದು, ಸಾಲ ಪಡೆಯುವವರದ್ದು. ಪುತ್ತೂರಿನ ಚಾಕಲೇಟು ಕಾರ್ಖಾನೆಯ ಯಂತ್ರದ ಮುಂದೆ ನಿಂತವರು, ಡೇರಿಯಲ್ಲಿ ಪ್ಯಾಕೆಟ್ ತುಂಬಿಸುವವರು ಅಲ್ಲಿ ಸಂಬಳ ಪಡೆಯುವ ನೌಕರರು, ಒಡೆಯರಲ್ಲ. ಇದು ದೂರಲ್ಲ. ಆ ಸಂಸ್ಥೆಗಳು ಮಾಡಬೇಕಾದ ಕೆಲಸ ಬೇರೆಯೇ ಆಗಿತ್ತು, ಅದನ್ನು ಮಾಡಿವೆ. ನಾವು ಕೇಳುತ್ತಿರುವುದು ಇನ್ನೊಂದು ಪ್ರಶ್ನೆಯನ್ನು: ಕೈಯಲ್ಲಿ ಹೊಲವಾಗಲಿ ಹಸುವಾಗಲಿ ಇಲ್ಲದ, ಬರೀ ದುಡಿಮೆಯೊಂದೇ ಇರುವ ಮನುಷ್ಯರು ಸೇರಿ ತಾವು ದುಡಿಯುವ ಸ್ಥಳದ ಒಡೆತನವನ್ನು ಹೊರಬಲ್ಲರೇ?

ಇದಕ್ಕೂ ನಮ್ಮಲ್ಲಿ ಒಂದು ಹಳೆಯ ಉದಾಹರಣೆಯಿದೆ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ಮಾಣಿಗಳಿಗೂ ಅಡುಗೆಯವರಿಗೂ ನೀವೇ ಅದನ್ನು ನಡೆಸಿ ಎಂದು ಧೈರ್ಯ ಹೇಳಿದವರು ಎ.ಕೆ. ಗೋಪಾಲನ್. ಅಂಥ ನೌಕರರ ಮೊದಲ ಸಹಕಾರಿ ಸಂಘ 1957ರ ಆಗಸ್ಟಿನಲ್ಲಿ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿಯೇ. ಎಂ.ಜಿ. ರಸ್ತೆಯ ಕಾಫಿ ಹೌಸಿನಲ್ಲಿ ಗಂಟೆಗಟ್ಟಲೆ ಕುಳಿತು ಹರಟಿದ ಎಷ್ಟು ಮಂದಿಗೆ, ಪೇಟ ಸುತ್ತಿ ಕಾಫಿ ತಂದಿಡುವ ವ್ಯಕ್ತಿಯೇ ಆ ಅಂಗಡಿಯ ಪಾಲುದಾರನೆಂದು ತಿಳಿದಿತ್ತು?

ಕಣ್ಣೂರಿನ ಪಾಠ

ಬೀಡಿಯ ಕಥೆಗೆ ಬರೋಣ. ಏಕೆಂದರೆ ಇದರ ಮೊದಲ ಅಧ್ಯಾಯ ಮಂಗಳೂರಿನದು. ಕಣ್ಣೂರಿನ ಸುತ್ತಮುತ್ತ ಬೀಡಿ ಕಟ್ಟಿಸುತ್ತಿದ್ದ ದೊಡ್ಡ ಕಂಪೆನಿಗಳು ಮಂಗಳೂರಿನವು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಕೇರಳದ ಅಂದಿನ ಸರಕಾರ ಅದನ್ನು ಜಾರಿಗೊಳಿಸಲು ಹೊರಟಾಗ, ರಜೆ, ಕೆಲಸದ ಹೊತ್ತು, ಕೆಲಸದ ಜಾಗದ ಸೌಲಭ್ಯ ಇವುಗಳ ಹೊಣೆ ತಮಗೆ ಬೇಡವೆಂದು 1968ರಲ್ಲಿ ಆ ಕಂಪೆನಿಗಳು ಅಲ್ಲಿನ ವ್ಯವಹಾರ ಮುಚ್ಚಿ ಹೊರಟುಬಂದವು. ಸುಮಾರು ಹನ್ನೆರಡು ಸಾವಿರ ಮಂದಿ ಬೀದಿಗೆ ಬಿದ್ದರು.

1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರಿ ಸಂಘ ನೋಂದಣಿಯಾಯಿತು. ಷೇರು ಕೊಳ್ಳಲು ಕಾರ್ಮಿಕರಲ್ಲಿ ಹಣವಿರಲಿಲ್ಲ, ಸರಕಾರ ಸಾಲ ಕೊಟ್ಟಿತು. ಜಿ.ಕೆ. ಪಣಿಕ್ಕರ್ ಎಂಬ ಅಧಿಕಾರಿ ಅದರ ಚುಕ್ಕಾಣಿ ಹಿಡಿದು ದಶಕಗಳ ಕಾಲ ನಡೆಸಿದರು. ಕೆಲವೇ ಸಾವಿರ ಮಂದಿಯಿಂದ ಆರಂಭವಾದ ಸಂಘ 1980ರ ದಶಕದ ಮೊದಲ ವರ್ಷಗಳಲ್ಲಿ ನಲ್ವತ್ತೆರಡು ಸಾವಿರ ಮಂದಿಯ ಸಂಸ್ಥೆಯಾಯಿತು. ರಜೆಯ ಕೂಲಿ, ಬೋನಸ್, ಭವಿಷ್ಯ ನಿಧಿ, ಹೆರಿಗೆ ಭತ್ಯೆ, ಪಿಂಚಣಿ ಎಲ್ಲ ಬಂದವು. ಖಾಸಗಿಯವರು ಇವೆಲ್ಲ ಕೊಟ್ಟರೆ ಉದ್ಯಮವೇ ಉಳಿಯದು ಎಂದಿದ್ದರು. ಅವನ್ನು ಕೊಟ್ಟೂ ದಿನೇಶ್ ಬೀಡಿ ಮಾರುಕಟ್ಟೆಯಲ್ಲಿ ಬೆಳೆಯಿತು.

ಇಷ್ಟು ದೊಡ್ಡದನ್ನು ನಡೆಸಿದ ಬಗೆಯನ್ನು ಗಮನಿಸಬೇಕು. ಎಲೆ, ಹೊಗೆಸೊಪ್ಪು ಕೊಳ್ಳುವುದು ಮತ್ತು ಮಾಲು ಮಾರುವುದು ಕೇಂದ್ರ ಸಂಘದ ಕೆಲಸ. ಬೀಡಿ ಕಟ್ಟುವುದು ಊರೂರಿನ ಪ್ರಾಥಮಿಕ ಸಂಘಗಳ ಕೆಲಸ. ಈ ಪ್ರಾಥಮಿಕ ಸಂಘಗಳ ಆಡಳಿತ ಮಂಡಳಿಯಲ್ಲಿ ಹೆಚ್ಚಿನವರು ಕಾರ್ಮಿಕರೇ ಆರಿಸಿದ ಕಾರ್ಮಿಕರು. ಹಾಗಾಗಿ ನಲ್ವತ್ತು ಸಾವಿರ ಮಂದಿ ಒಂದೇ ಮೈದಾನದಲ್ಲಿ ಕೂತು ತೀರ್ಮಾನ ಮಾಡಬೇಕಾದ ಪ್ರಮೇಯ ಬರಲಿಲ್ಲ. ಬೀಡಿಯನ್ನು ಪರೀಕ್ಷಿಸಿ ಪಡೆಯುವ ಮೇಸ್ತ್ರಿ ಅಲ್ಲಿಯೂ ಇದ್ದ. ಆದರೆ ಅವನ ಮೇಲಿದ್ದ ಮಂಡಳಿಯನ್ನು ಆರಿಸುವ ಮತ ಬೀಡಿ ಕಟ್ಟುವವರದೇ ಆಗಿತ್ತು.

ಇನ್ನೊಂದು ಸಂಗತಿಯುಂಟು. ಮಲಬಾರಿನ ಬೀಡಿ ಶೆಡ್ಡುಗಳಲ್ಲಿ ಬಹಳ ಹಿಂದಿನಿಂದಲೂ ಒಬ್ಬ ಕುಳಿತು ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಾ ಕಟ್ಟುತ್ತಿದ್ದರು. ಓದುವವನ ಆ ದಿನದ ಕೂಲಿಯನ್ನು ಉಳಿದವರು ಹಂಚಿಕೊಂಡು ತುಂಬುತ್ತಿದ್ದರು. ಒಡೆತನ ಕೈಗೆ ಬರುವುದಕ್ಕೆ ಎಷ್ಟೋ ಮೊದಲೇ ಅವರು ಒಟ್ಟಿಗೆ ಕೇಳುವುದನ್ನು, ಒಟ್ಟಿಗೆ ವಾದಿಸುವುದನ್ನು ಕಲಿತಿದ್ದರು.

ಆಕ್ಷೇಪಗಳು

ಕಾರ್ಮಿಕರ ಒಡೆತನ ದೊಡ್ಡ ಪ್ರಮಾಣದಲ್ಲಿ ನಡೆಯದು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಅವರು ಹೇಳುವುದು ಮುಖ್ಯವಾಗಿ ಮೂರು ಸಂಗತಿ. ಒಂದು, ಬಂಡವಾಳ. ಬಡವರ ಕೈಯಲ್ಲಿ ಹಣವಿಲ್ಲ. ಇದ್ದವರು ಆಡಳಿತದಲ್ಲಿ ತಮ್ಮ ಮಾತು ನಡೆಯದ ಕಡೆ ಹಣ ಹಾಕುವುದಿಲ್ಲ. ಎರಡು, ಹೊಣೆಗಾರಿಕೆ. ಎಲ್ಲರದೂ ಎಂದಾದದ್ದು ಯಾರದೂ ಅಲ್ಲವಾಗುತ್ತದೆ. ಗುಂಪಿನಲ್ಲಿ ಗೋವಿಂದ ಎನ್ನುವವರು ಹೆಚ್ಚುತ್ತಾರೆ. ಮೂರು, ಆಡಳಿತ. ಆರಿಸಿಬಂದ ನಿರ್ದೇಶಕರು ಪಕ್ಷಕ್ಕೋ ಜಾತಿಗೋ ಬಂಧುಗಳಿಗೋ ಮಣಿದು ಬೇಲಿಯೇ ಎದ್ದು ಹೊಲ ಮೇಯುತ್ತದೆ.

ಸಹಕಾರಿ ಬ್ಯಾಂಕುಗಳ ಚುನಾವಣೆಯನ್ನು ಹತ್ತಿರದಿಂದ ನೋಡಿದ ಯಾರೂ ಮೂರನೆಯ ಮಾತನ್ನು ಅಲ್ಲಗಳೆಯಲಾರರು. ಮೊದಲ ಎರಡಕ್ಕೆ ಉತ್ತರ ಹುಡುಕಿದ ಒಂದು ದೊಡ್ಡ ಪ್ರಯೋಗ ಸ್ಪೇನಿನ ಬಾಸ್ಕ್ ನಾಡಿನಲ್ಲಿದೆ.

1941ರಲ್ಲಿ, ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಮೊಂಡ್ರಾಗೋನ್ ಎಂಬ ಸಣ್ಣ ಪಟ್ಟಣಕ್ಕೆ ಹೋಸೆ ಮರಿಯಾ ಅರಿಸ್ಮೆಂದಿಯರಿಯೆತಾ ಎಂಬ ತರುಣ ಕ್ರೈಸ್ತ ಪಾದ್ರಿ ಬಂದರು. ಅವರು ಮೊದಲು ಕಟ್ಟಿದ್ದು ಕಾರ್ಖಾನೆಯನ್ನಲ್ಲ, ಶಾಲೆಯನ್ನು. 1943ರಲ್ಲಿ ಶುರುವಾದ ಆ ತಾಂತ್ರಿಕ ಶಾಲೆಯಲ್ಲಿ ಕಲಿತ ಐವರು ತರುಣರು 1956ರಲ್ಲಿ ಉಲ್ಗೋರ್ ಎಂಬ ಉದ್ದಿಮೆ ತೆರೆದರು. ಐವರ ಹೆಸರುಗಳ ಅಕ್ಷರ ಕೂಡಿಸಿ ಮಾಡಿದ ಹೆಸರದು. 1959ರಲ್ಲಿ ಪಾದ್ರಿಯವರ ಒತ್ತಾಯದಿಂದ ಒಂದು ಬ್ಯಾಂಕ್ ಹುಟ್ಟಿತು. ಊರವರ ಉಳಿತಾಯ ಊರಿನದೇ ಸಹಕಾರಿ ಕಾರ್ಖಾನೆಗಳಿಗೆ ಬಂಡವಾಳವಾಯಿತು. ಒಂದು ಕಾರ್ಖಾನೆ ಬೆಳೆದು ಸಂಘವನ್ನು ನುಂಗುವ ಬದಲು, ಹೊಸ ಹೊಸ ಸಂಘಗಳು ಹುಟ್ಟಿ ಒಕ್ಕೂಟವಾದವು. ಇಂದು ಸುಮಾರು ಎಂಬತ್ತು ಸಹಕಾರಿಗಳು, ಎಪ್ಪತ್ತು ಸಾವಿರದಷ್ಟು ದುಡಿಯುವವರು. ಯಂತ್ರೋಪಕರಣಗಳಿಂದ ಹಿಡಿದು ಸೂಪರ್ ಮಾರ್ಕೆಟ್, ವಿಶ್ವವಿದ್ಯಾಲಯದವರೆಗೆ.

ಅಲ್ಲಿ ಸದಸ್ಯನಾಗುವವನು ಒಂದು ಮೊತ್ತವನ್ನು ಕಂತುಗಳಲ್ಲಾದರೂ ಹಾಕಲೇಬೇಕು. ಆದರೆ ಎಷ್ಟು ಹಣ ಹಾಕಿದ್ದರೂ ಮತ ಒಂದೇ. ಲಾಭದಲ್ಲಿ ಒಂದು ಭಾಗ ಯಾರೂ ಹಂಚಿಕೊಳ್ಳಲಾಗದ ಮೀಸಲು ನಿಧಿಗೆ. ಸದಸ್ಯನ ಪಾಲು ಅವನ ಖಾತೆಯಲ್ಲಿ ಸೇರುತ್ತಾ ಹೋಗಿ, ನಿವೃತ್ತಿಯಾದಾಗ ಕೈಗೆ ಬರುತ್ತದೆ. ಮಹಾಸಭೆ ಆಡಳಿತ ಮಂಡಳಿಯನ್ನು ಆರಿಸುತ್ತದೆ, ಮಂಡಳಿ ವ್ಯವಸ್ಥಾಪಕನನ್ನು ನೇಮಿಸುತ್ತದೆ. ಕೆಳಗಿನ ಸಂಬಳಕ್ಕೂ ಮೇಲಿನ ಸಂಬಳಕ್ಕೂ ಆರಂಭದಲ್ಲಿ ಇದ್ದ ಅಂತರ ಒಂದಕ್ಕೆ ಮೂರು. ಈಗ ಅದು ಒಂದಕ್ಕೆ ಆರರವರೆಗೆ ಹೋಗಿದೆ. ಒಬ್ಬ ಅಧಿಕಾರಿ ತನ್ನ ಕೈಕೆಳಗಿನವನ ನೂರಾರು ಪಟ್ಟು ಸಂಬಳ ಪಡೆಯುವುದು ಸಹಜವೆಂದು ನಾವೆಲ್ಲ ಒಪ್ಪಿಕೊಂಡಿರುವ ಕಾಲದಲ್ಲಿ ಈ ಆರು ಕೂಡ ನಮ್ಮನ್ನು ಚುಚ್ಚಬೇಕು.

ಹಾಗಾದರೆ ಪ್ರಮಾಣದ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತೇ? ಒಂದರ್ಥದಲ್ಲಿ ಹೌದು. ನಲ್ವತ್ತು ಸಾವಿರ, ಎಪ್ಪತ್ತು ಸಾವಿರ ಮಂದಿ ಕಣ್ಣೆದುರು ಇರುವಾಗ ಆಗುವುದಿಲ್ಲ ಎನ್ನುವುದು ಹಟವಾದೀತು. ಆದರೆ ನಿಜವಾದ ತೊಡಕು ಶುರುವಾಗುವುದು ಇಲ್ಲಿಂದ.

ಎಣಿಕೆಯ ಹೊರಗಿನವರು

ದೊಡ್ಡದಾಗುವಾಗ ಸಹಕಾರಿ ಸಂಘದ ಮುಂದೆ ಒಂದು ಆಸೆ ಬಂದು ನಿಲ್ಲುತ್ತದೆ. ಹೊಸಬರನ್ನು ಪಾಲುದಾರರನ್ನಾಗಿ ಮಾಡಿಕೊಂಡರೆ ಲಾಭ ಹಂಚಬೇಕು, ಮತ ಕೊಡಬೇಕು, ನಷ್ಟ ಬಂದಾಗ ಕೈಬಿಡುವಂತಿಲ್ಲ. ಬರೀ ಕೂಲಿಗೆ ಇಟ್ಟುಕೊಂಡರೆ ಇದಾವುದೂ ಇಲ್ಲ. ಹೀಗೆ ನಿನ್ನೆಯ ಕೂಲಿಯವರು ಇಂದಿನ ಯಜಮಾನರಾಗುವ ದಾರಿ ತೆರೆದುಕೊಳ್ಳುತ್ತದೆ. ಇದಕ್ಕೆ ಯಾರೂ ದುಷ್ಟರಾಗಬೇಕಿಲ್ಲ. ತಮ್ಮ ಮಕ್ಕಳ ಹಿತ ಬಯಸುವ ಸಾಮಾನ್ಯ ಮನುಷ್ಯರಾಗಿದ್ದರೆ ಸಾಕು.

ಜಾಗತೀಕರಣದ ಪೈಪೋಟಿಗೆ ಬಿದ್ದ ಮೊಂಡ್ರಾಗೋನ್ ಹೊರದೇಶಗಳಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿನ ಕಾರ್ಮಿಕರು ಹೆಚ್ಚಾಗಿ ಸದಸ್ಯರಲ್ಲ, ನೌಕರರು. ಉಲ್ಗೋರ್‌ನ ಉತ್ತರಾಧಿಕಾರಿಯಾಗಿ ಬೆಳೆದ ಫಾಗೋರ್ ಎಂಬ ಗೃಹೋಪಕರಣ ಕಂಪೆನಿ 2013ರಲ್ಲಿ ದಿವಾಳಿಯಾಯಿತು. ಇತರ ಸಹಕಾರಿಗಳು ಅದಕ್ಕೆ ವರ್ಷಗಟ್ಟಲೆ ಹಣ ಸುರಿದು, ಕೊನೆಗೆ ಇನ್ನು ನಮ್ಮಿಂದಾಗದು ಎಂದವು. ಆಗ ಬಾಸ್ಕ್ ನಾಡಿನ ಸದಸ್ಯರಲ್ಲಿ ಹೆಚ್ಚಿನವರಿಗೆ ಒಕ್ಕೂಟದ ಬೇರೆ ಸಂಘಗಳಲ್ಲಿ ಕೆಲಸವೋ ಮುಂಚಿತ ನಿವೃತ್ತಿಯೋ ಸಿಕ್ಕಿತು. ಹಾಕಿದ್ದ ಉಳಿತಾಯ ಕಳೆದುಕೊಂಡವರು ಇದ್ದರು, ಆದರೆ ಬೀದಿಗೆ ಬಿದ್ದವರು ಕಡಿಮೆ. ಖಾಸಗಿ ಕಂಪೆನಿಯೊಂದು ಮುಳುಗಿದಾಗ ಇಂಥದ್ದನ್ನು ನಾವು ಕಾಣುವುದಿಲ್ಲ. ಆದರೆ ಪೋಲೆಂಡಿನ ಫಾಗೋರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರಿಗೆ ಈ ಆಸರೆ ಇರಲಿಲ್ಲ. ಅದೇ ಹೆಸರಿನ ಯಂತ್ರವನ್ನು ಅವರೂ ಜೋಡಿಸಿದ್ದರು. ಎಣಿಕೆಯಲ್ಲಿ ಮಾತ್ರ ಅವರಿರಲಿಲ್ಲ.

ಊರಾಳುಂಗಲ್‌ನ ಸಂಘದಲ್ಲಿಯೂ ದುಡಿಯುವ ಎಲ್ಲರೂ ಸದಸ್ಯರಲ್ಲ. ಇದನ್ನು ಮೆಚ್ಚುಗೆಯ ಭರದಲ್ಲಿ ಮರೆಯಬಾರದು. ಆ ಸಂಘದ ಹುಟ್ಟಿನ ಹಿಂದೆ ಇದ್ದದ್ದೇ ಹೊರಗೆ ತಳ್ಳಲ್ಪಟ್ಟವರ ನೋವು. ಜಾತಿಯ ಮೇಲುಕೀಳು ಮತ್ತು ಮೂಢನಂಬಿಕೆಗಳ ವಿರುದ್ಧ ಮಾತಾಡುತ್ತಿದ್ದ ವಾಗ್ಭಟಾನಂದ ಗುರುಗಳನ್ನು ಹಿಂಬಾಲಿಸಿದರೆಂಬ ಕಾರಣಕ್ಕೆ ಊರಿನ ಒಡೆಯರು ಅವರಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದ್ದರು. ನಮಗೆ ಕೆಲಸ ನಾವೇ ಹುಟ್ಟಿಸಿಕೊಳ್ಳುತ್ತೇವೆ ಎಂಬ ಹಟ ಅಲ್ಲಿಂದ ಬಂತು. ಹಾಗೆ ಹುಟ್ಟಿದ ಸಂಸ್ಥೆ ಬಿಹಾರದಿಂದಲೋ ಬಂಗಾಳದಿಂದಲೋ ಬಂದು ದುಡಿಯುವವನನ್ನು ನಾಳೆ ಪಾಲುದಾರನೆಂದು ಕರೆಯುವುದೇ, ಅತಿಥಿ ಕಾರ್ಮಿಕನೆಂದು ಕರೆದು ನಿಲ್ಲಿಸುವುದೇ? ನೂರು ವರ್ಷ ದಾಟಿದ ಸಂಘಕ್ಕೆ ಕೇಳಬೇಕಾದ ಪ್ರಶ್ನೆ ಇದು.

ಇಲ್ಲಿ ಒಂದು ವಿಷಯವನ್ನು ಗುರುತಿಸಬೇಕು. ಒಂದು ಕಡೆ ಪಾದ್ರಿ, ಒಂದು ಕಡೆ ಅಧ್ಯಾತ್ಮ ಗುರು, ಮತ್ತೊಂದು ಕಡೆ ಕಮ್ಯುನಿಸ್ಟ್ ನಾಯಕ. ನಂಬಿಕೆಗಳು ಒಂದಕ್ಕೊಂದು ಸೇರುವುದಿಲ್ಲ. ಆದರೆ ಲಾಭಕ್ಕಿಂತ ಮೊದಲು ಮನುಷ್ಯರ ನಡುವೆ ನಂಬುಗೆ ಬೆಳೆಯಬೇಕೆಂಬುದನ್ನು ಮೂವರೂ ಅರಿತಿದ್ದರು. ನಂಬುಗೆ ಮೊದಲ ತಲೆಮಾರಿನ ಕಷ್ಟದಲ್ಲಿ ಹುಟ್ಟುತ್ತದೆ. ಮೂರನೆಯ ತಲೆಮಾರಿಗೆ ಅದು ತಾನಾಗಿ ಬರುವುದಿಲ್ಲ, ಕಲಿಸಬೇಕು. 1974ರಲ್ಲಿಯೇ ಉಲ್ಗೋರ್‌ನಲ್ಲಿ ಸದಸ್ಯರು ತಮ್ಮದೇ ಸಂಸ್ಥೆಯ ವಿರುದ್ಧ ಮುಷ್ಕರ ಹೂಡಿದ್ದರು. ಮುಂದಾಳುಗಳಾದ ಹದಿನೇಳು ಮಂದಿಯನ್ನು ಹೊರಹಾಕಿ, ಕೆಲವು ವರ್ಷಗಳ ನಂತರ ಮರಳಿ ಕರೆದುಕೊಳ್ಳಲಾಯಿತು. 2022ರ ಕೊನೆಯಲ್ಲಿ ಓರೋನಾ ಮತ್ತು ಉಲ್ಮಾ ಎಂಬ ಎರಡು ದೊಡ್ಡ ಸಂಘಗಳು ಮತ ಹಾಕಿ ಒಕ್ಕೂಟದಿಂದಲೇ ಹೊರನಡೆದವು. ಕಾಗದದ ಮೇಲಿನ ನಿಯಮವೊಂದೇ ಯಾರನ್ನೂ ಒಟ್ಟಿಗೆ ಹಿಡಿದಿಡಲಾರದು.

ಇಳಿಗಾಲದ ಪರೀಕ್ಷೆ

ದಿನೇಶ್ ಬೀಡಿಗೂ ಇಳಿಗಾಲ ಬಂತು. ಸೇದುವವರು ಕಡಿಮೆಯಾದರು, ಅಗ್ಗದ ಬೀಡಿಗಳು ಬಂದವು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ಕಾನೂನುಬಾಹಿರವೆಂದು ಸಾರಿತು. ಇಂದು ಅಲ್ಲಿ ಬೀಡಿ ಕಟ್ಟುವವರು ಹಿಂದಿನ ಸಂಖ್ಯೆಯ ಒಂದು ಸಣ್ಣ ಪಾಲು ಮಾತ್ರ.

ನೈತಿಕವಾಗಿ ನೋಡಿದರೆ ಇಳಿಯಬೇಕಾದ ಉದ್ಯಮವೇ ಅದು. ಬೀಡಿ ಸೇದುವವನ ಎದೆಯನ್ನು ಸುಡುತ್ತದೆ, ಹೊಗೆಸೊಪ್ಪಿನ ಧೂಳು ಕಟ್ಟುವವಳ ಉಸಿರನ್ನೂ ಬಿಡುವುದಿಲ್ಲ. ದುಡಿಯುವವರೇ ಒಡೆಯರಾದ ಮಾತ್ರಕ್ಕೆ ವಿಷ ಅಮೃತವಾಗುವುದಿಲ್ಲ. ನ್ಯಾಯವಾಗಿ ಹಂಚಿಕೊಂಡ ಲಾಭವೂ ಯಾರದೋ ಕಾಯಿಲೆಯಿಂದ ಬಂದದ್ದಾಗಿರಬಹುದು ಎಂಬುದನ್ನು ಸಹಕಾರದ ಗುಣಗಾನ ಮಾಡುವವರು ಮರೆಯುವಂತಿಲ್ಲ.

ಆದರೆ ಇಳಿಯುವಾಗ ಏನಾಯಿತು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. 1990ರ ದಶಕದ ಕೊನೆಯಿಂದ ದಿನೇಶ್ ಸಂಘ ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ, ಸಿದ್ಧ ಉಡುಪು, ಕಂಪ್ಯೂಟರ್ ಸೇವೆ ಹೀಗೆ ಬೇರೆ ಬೇರೆ ದಾರಿ ಹುಡುಕಿತು. ಹಿಂದೆ ಕೂಡಿಟ್ಟದ್ದು ಕಾರ್ಮಿಕರದೇ ಆಗಿದ್ದುದರಿಂದ ಅದನ್ನು ಮುಂದೆ ಎಲ್ಲಿ ಹೂಡಬೇಕೆಂಬ ತೀರ್ಮಾನವೂ ಅವರ ಸಂಘದ್ದೇ ಆಯಿತು. ಎಲ್ಲ ಪ್ರಯತ್ನಗಳೂ ಗೆದ್ದಿಲ್ಲ. ಹೊಸ ಕೆಲಸ ಎಲ್ಲರಿಗೂ ಸಿಕ್ಕಿಲ್ಲ. ಆದರೂ 1968ರಂತೆ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಿಗೆ ಬೀಗ ಎಂಬ ಸ್ಥಿತಿ ಮರುಕಳಿಸಲಿಲ್ಲ.

ಒಡೆತನದ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲಿಯೇ. ವ್ಯಾಪಾರ ಏರುವಾಗ ಒಳ್ಳೆಯ ಯಜಮಾನನೂ ಒಳ್ಳೆಯ ಕೂಲಿ ಕೊಟ್ಟಾನು. ಇಳಿಯುವಾಗ ಯಾರನ್ನು ಉಳಿಸಬೇಕು, ಉಳಿದ ಹಣ ಯಾರಿಗೆ ಎಂಬ ಪ್ರಶ್ನೆ ಬಂದಾಗ ಕೂಲಿಯವಳ ಹೆಸರು ಪಟ್ಟಿಯಲ್ಲಿರುವುದಿಲ್ಲ. ಆದುದರಿಂದ ದೊಡ್ಡ ಕಾರ್ಮಿಕ ಸಹಕಾರಿ ಸಂಘವೊಂದು ಗೆದ್ದಿದೆಯೇ ಸೋತಿದೆಯೇ ಎಂದು ಅಳೆಯುವಾಗ ಅದರ ವಹಿವಾಟಿನ ಗಾತ್ರವನ್ನಷ್ಟೇ ನೋಡಿದರೆ ಸಾಲದು. ಕೊನೆಗೆ ಬಂದು ಸೇರಿದವರಿಗೆ ಅಲ್ಲಿ ಮತವಿದೆಯೇ, ಕೆಟ್ಟ ಕಾಲದಲ್ಲಿ ಅವರ ಕೈ ಹಿಡಿಯುವವರಿದ್ದಾರೆಯೇ ಎಂದು ಕೇಳಬೇಕು. ಈ ಅಳತೆಯಲ್ಲಿ ಮೊಂಡ್ರಾಗೋನ್ ಅರ್ಧ ಗೆದ್ದಿದೆ. ಆ ಅರ್ಧವೂ ಬೇರೆಡೆ ಕಾಣಸಿಗದು ಎಂಬುದು ನಿಜ.

ತಲಪಾಡಿಯ ಈಚೆಗೆ

ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟುವವರು ಹೆಚ್ಚಾಗಿ ಮನೆಯೊಳಗಿನ ಹೆಂಗಸರು. ಮುಸ್ಲಿಮರಿರಲಿ, ಬಿಲ್ಲವರಿರಲಿ, ಯಾರೇ ಇರಲಿ, ಗೆರಸೆ ಒಂದೇ, ಬ್ರಾಂಚಿನ ಸಾಲೂ ಒಂದೇ. ಕಣ್ಣೂರಿನವರಂತೆ ಒಂದೇ ಶೆಡ್ಡಿನಲ್ಲಿ ಕುಳಿತು ಪತ್ರಿಕೆ ಕೇಳುವ ಅವಕಾಶ ಇವರಿಗೆ ಸಿಗಲಿಲ್ಲ. ಚದುರಿಹೋದವರು ಸಂಘ ಕಟ್ಟುವುದು ಹೇಗೆ ಎಂದು ಕೇಳಬಹುದು.

ಅದಕ್ಕೂ ಉತ್ತರವಿದೆ. 1959ರಲ್ಲಿ ಮುಂಬೈಯ ಗಿರ್‌ಗಾಂವ್‌ನ ಒಂದು ಮನೆಯ ಮಹಡಿಯಲ್ಲಿ ಏಳು ಹೆಂಗಸರು ಎಂಬತ್ತು ರೂಪಾಯಿ ಸಾಲ ಮಾಡಿ ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್ ಪಾಪಡ್ ಆಯಿತು. ಇಂದು ಸುಮಾರು ನಲ್ವತ್ತೈದು ಸಾವಿರ ಹೆಂಗಸರು ಅದರ ಒಡತಿಯರು. ಬೆಳಿಗ್ಗೆ ಶಾಖೆಗೆ ಬಂದು ಕಲಸಿದ ಹಿಟ್ಟು ಒಯ್ಯುತ್ತಾರೆ, ಮನೆಯಲ್ಲಿ ಲಟ್ಟಿಸಿ ಒಣಗಿಸಿ ಮರುದಿನ ತರುತ್ತಾರೆ. ಅಲ್ಲಿಯೂ ತೂಕ ನೋಡುತ್ತಾರೆ, ಗುಣಮಟ್ಟ ನೋಡುತ್ತಾರೆ. ಆದರೆ ನೋಡುವವಳೂ ಒಂದು ಕಾಲದಲ್ಲಿ ಹಪ್ಪಳ ಲಟ್ಟಿಸಿದ ಸದಸ್ಯೆಯೇ. ಗಂಡಸರು ಬೇಕಾದರೆ ಸಂಬಳಕ್ಕೆ ಇರಬಹುದು, ಸದಸ್ಯರಾಗುವಂತಿಲ್ಲ. ಹಿಟ್ಟು ಒಯ್ದು ಹಪ್ಪಳ ತರುವುದಕ್ಕೂ ಎಲೆ ಒಯ್ದು ಬೀಡಿ ತರುವುದಕ್ಕೂ ಕೆಲಸದ ಕ್ರಮದಲ್ಲಿ ಎಷ್ಟು ವ್ಯತ್ಯಾಸವಿದೆ? ಆದರೂ ಒಬ್ಬಳು ಒಡತಿ, ಇನ್ನೊಬ್ಬಳು ಕೂಲಿ.

ಬೀಡಿ ನಮ್ಮಲ್ಲಿಯೂ ಇಳಿಯುತ್ತಿದೆ, ಇಳಿಯಲೇಬೇಕು. ಅದು ಪೂರ್ತಿ ನಿಂತ ದಿನ ಈ ಹೆಂಗಸರ ಕೈಯಲ್ಲಿ ಉಳಿಯುವುದೇನು? ಮೂವತ್ತು ವರ್ಷ ಬಗ್ಗಿ ಕುಳಿತ ಬೆನ್ನು ನೋವು, ಒಂದು ಭವಿಷ್ಯ ನಿಧಿಯ ಪುಸ್ತಕ. ಬೇರೆ ಕೆಲಸವನ್ನು ಹುಟ್ಟಿಸುವ ಸಂಘವಾಗಲಿ, ಅದಕ್ಕೆ ಬೇಕಾದ ಕೂಡಿಟ್ಟ ಹಣವಾಗಲಿ ಅವರದ್ದೆಂದು ಇಲ್ಲ. ಆದರೆ ಸ್ವಸಹಾಯ ಗುಂಪುಗಳಲ್ಲಿ ಕೂತು ಹಣ ಕೂಡಿಸುವುದನ್ನು, ಲೆಕ್ಕ ಬರೆಯುವುದನ್ನು, ಕಂತು ಕಟ್ಟದವರನ್ನು ಪ್ರಶ್ನಿಸುವುದನ್ನು ಅವರಲ್ಲಿ ಅನೇಕರು ಕಲಿತಿದ್ದಾರೆ. ಆ ಕಲಿಕೆ ಸಾಲ ತೆಗೆದು ತೀರಿಸುವುದರಲ್ಲಿಯೇ ಮುಗಿಯಬೇಕೇ? ನಮ್ಮ ಸಹಕಾರಿ ಧುರೀಣರು, ಸಂಘಟನೆಗಳು, ಜಮಾಅತ್‌ಗಳು, ದೇವಸ್ಥಾನದ ಸಮಿತಿಗಳು ಈ ಬಗ್ಗೆ ಒಂದು ದಿನ ಕುಳಿತು ಮಾತಾಡಿದ್ದುಂಟೇ?

ಕಳೆದ ವಾರ ಆ ಓಣಿಗೆ ಹೋಗಿ ಅವರ ಪ್ರಶ್ನೆಗೆ ನನಗೆ ತಿಳಿದ ಉತ್ತರ ಹೇಳಿದೆ. ಅಲ್ಲಿಯೂ ಎಣಿಸುವವರು ಇರುತ್ತಾರೆ, ಆದರೆ ಅವರನ್ನು ಇಡುವುದೂ ತೆಗೆಯುವುದೂ ಕಟ್ಟುವವರ ಕೈಯಲ್ಲಿರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಲ್ಲಿ ಕೆಟ್ಟ ಬೀಡಿ ಕಟ್ಟಿದರೆ ನಮಗೇ ನಷ್ಟ ಅಲ್ವಾ?" ಎಂದರು. ಒಡೆತನದ ಹೊಣೆಯ ಬಗ್ಗೆ ನಾನು ಇನ್ನೂ ಹೇಳಬೇಕೆಂದುಕೊಂಡಿದ್ದದ್ದು ಅವರಿಗೆ ಆಗಲೇ ಅರ್ಥವಾಗಿತ್ತು.